ಚಾತುರ್ಮಾಸದ ಖೋ

ಕಳೆದ ಭಾನುವಾರ ಪುಣೆಯ ಮಗರಪಟ್ಟಾದಲ್ಲಿ ನಮ್ಮ ಆಫೀಸಿನ ಆಟೋಟದ ದಿನ. ನನಗೆ ಹೋಗುವ ಮನಸ್ಸಿರಲಿಲ್ಲ. ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಡೆಯುವುದು, ಹಗ್ಗ ಜಗ್ಗುವುದು, ಆಮೇಲೆ ಎಲ್ಲರೂ ಕೂತು ಬಿರ್ಯಾನಿ ಹೊಡೆಯುವುದು. ಇದಕ್ಕೆ ನಾನು ಆಟ ಅನ್ನುವುದಿಲ್ಲ. ಆದರೂ ಹೋದೆ, ಹೋಗದಿದ್ದರೆ ಸೋಮವಾರ ಇಡೀ ದಿನ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಮುಂಜಾನೆಯೇ ಮಳೆ ಒಮ್ಮೆ ಬಂದು ಹೋಗಿತ್ತು. ಹುಲ್ಲುಹಾಸಿನ ಆಚೆ, ಇನ್ನೂ ಕಟ್ಟಡ ಏಳದ ಬೋಳು ಮಣ್ಣಿನ ಜಾಗದಲ್ಲಿ ಮಾಲಿಯೊಬ್ಬ ಡಬ್ಬಿ ಹಿಡಿದು ಬಿಳಿಪುಡಿಯ ಗೆರೆ ಎಳೆಯುತ್ತಿದ್ದ. ಮೈದಾನದ ಆ ಸುಣ್ಣದಂಥ ಪುಡಿಗೆ ಪುಣೆಯಲ್ಲಿ ಫಕ್ಕಿ ಅನ್ನುತ್ತಾರೆ. ಒದ್ದೆ ಮಣ್ಣಿಗೆ ಫಕ್ಕಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದಾಗ ನಾನು ಏನು ಮಾಡುತ್ತಿದ್ದೆನೋ ನೆನಪಿಲ್ಲ. ಎಚ್ಚರವಾದಾಗ ಯಾರೂ ಹೇಳದೆ ಕೇಳದೆ ಚಪ್ಪಲಿ ಬಿಚ್ಚಿ ನಿಂತಿದ್ದೆ.

"ವೀಣಾ, ಲೇಡೀಸ್ ಖೋಖೋಗೆ ಒಬ್ರು ಕಡಿಮೆ ಇದಾರೆ. ಆಡ್ತೀರಾ? ಸುಮ್ನೆ ಫನ್‌ಗೆ ಅಷ್ಟೇ," ಎಂದಳು ಬೆಂಗಳೂರಿನ ರಶ್ಮಿ. ನನ್ನ ಪಕ್ಕದ ಮೇಜಿನವಳು, ಒಳ್ಳೆಯ ಹುಡುಗಿ.

ಸುಮ್ಮನೆ ಅಂತೆ. ಖೋಖೋವನ್ನು ನಾನು ಒಂದು ದಿನವೂ ಸುಮ್ಮನೆ ಆಡಿದವಳಲ್ಲ. ಸುಮ್ಮನೆ ಆಡಿಸಲು ನೋಡಿದವರು ಇದ್ದರು, ಅದೂ ಒಂದು ಇಡೀ ಮಳೆಗಾಲ. ಅವರ ಕೈಲಿ ಆಗಲಿಲ್ಲ.

ತೊಂಬತ್ತರ ದಶಕದ ನಡುಭಾಗ, ನಾನು ಒಂಬತ್ತನೇ ತರಗತಿ. ಸದಾಶಿವ ಪೇಠದಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ಎರಡು ಕೋಣೆ ನಮ್ಮವು. ಅಪ್ಪ ಧಾರವಾಡದಿಂದ ಬಂದು ಲಕ್ಷ್ಮಿ ರಸ್ತೆಯ ಬಟ್ಟೆಯ ಸಗಟು ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ವಾಡೆಯಲ್ಲಿ ಗೋಡೆಗಳಿದ್ದವು, ಗುಟ್ಟುಗಳಿರಲಿಲ್ಲ. ಕೆಳಗಿನ ಮನೆಯಲ್ಲಿ ಯಾರಾದರೂ ಸೀನಿದರೆ ಮೇಲಿನಿಂದ ಅಜ್ಜಿ "ಶತಾಯುಷಿ" ಅನ್ನುತ್ತಿದ್ದಳು. ಆದರೆ ಅದು ಅವರಿಗೆ ಕೇಳುತ್ತಿರಲಿಲ್ಲ. ಅಜ್ಜಿಯ ದನಿ ದಾರದ ಎಳೆಯಷ್ಟು ಸಣ್ಣದು. ಅಡಿಗೆಮನೆಯಿಂದ ಕರೆದರೆ ನಡುಮನೆಯಲ್ಲಿ ಕೂತ ಅಪ್ಪನಿಗೂ ಕೇಳುತ್ತಿರಲಿಲ್ಲ, ಅಥವಾ ಕೇಳಿದರೂ ಕೇಳಿದಂತೆ ಯಾರೂ ತೋರಿಸುತ್ತಿರಲಿಲ್ಲ. ಹೆಣ್ಣಿನ ದನಿ ಅಂದರೆ ಹಾಗಿರಬೇಕು ಎಂದು ಅಜ್ಜಿಗೆ ಖಾತ್ರಿಯಿತ್ತು.

ಆ ಬೇಸಿಗೆ ರಜೆಯಲ್ಲಿ ನನ್ನ ದನಿ ಒಡೆಯಿತು. ಮೊದಲು ಎಲ್ಲರೂ ಮಾವಿನಹಣ್ಣಿನ ಮೇಲೆ ಹಾಕಿದರು, ಆಮೇಲೆ ಐಸ್‌ಕ್ಯಾಂಡಿಯ ಮೇಲೆ. ಜೂನ್‌ನಲ್ಲಿ ಶಾಲೆ ಶುರುವಾಗಿ, ಹಾಜರಿ ಕೂಗಿದಾಗ ನಾನು "ಹಾಜರ್" ಎಂದೆ. ಮುಂದಿನ ಬೆಂಚಿನವರೆಲ್ಲ ಗಂಡಸು ಯಾರು ಬಂದರು ಎಂದು ತಿರುಗಿ ನೋಡಿದರು. ವೀಣೆ ಎಂದು ಹೆಸರಿಟ್ಟರು, ಬಂದದ್ದು ಮೃದಂಗ ಎಂದು ಅಪ್ಪ ಮನೆಯಲ್ಲಿ ತಮಾಷೆ ಮಾಡಿದರು. ಅವ್ವ ನಗಲಿಲ್ಲ. ಯಾಕೆಂದರೆ ದನಿಯೊಂದೇ ಆಗಿರಲಿಲ್ಲ. ಭುಜ ಅಗಲವಾಗಿತ್ತು, ಮೇಲ್ದುಟಿಯ ಮೇಲೆ ಕಪ್ಪು ಕೂದಲು ಇಣುಕುತ್ತಿತ್ತು. ಅವ್ವ ಪ್ರತಿ ಭಾನುವಾರ ಕಡಲೆಹಿಟ್ಟು ಅರಿಸಿನ ಕಲಸಿ ಅದರ ಮೇಲೆ ತಿಕ್ಕುತ್ತಿದ್ದಳು. ಕೂದಲು ಹೋಗಲಿಲ್ಲ, ಹಳದಿಯಾಯಿತು. ಸಂಬಂಧಿಕರ ಮದುವೆಯೊಂದರಲ್ಲಿ ನನ್ನನ್ನು ಕಂಡು ಒಬ್ಬಾಕೆ "ಈ ಹುಡುಗಾ ಯಾರವಾ, ಲಂಗಾ ಯಾಕ ಹಾಕ್ಕೊಂಡಾನ?" ಎಂದು ಕೇಳಿದಳು. ಅವ್ವ ನನ್ನನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಒಳಗೆ ಕೂರಿಸಿದಳು.

ಡಾಕ್ಟರರ ಬಳಿ ಕರೆದೊಯ್ದದ್ದೂ ಆಯಿತು. ಅವರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಏನೂ ಆಗಿಲ್ಲ. ಇದು ಇವಳ ದನಿ, ಅಷ್ಟೇ," ಎಂದರು. ರೋಗ ಎಂದಿದ್ದರೆ ಮನೆಯವರಿಗೆ ಸಮಾಧಾನವಾಗುತ್ತಿತ್ತೇನೋ. ರೋಗಕ್ಕೆ ಔಷಧವಾದರೂ ಇರುತ್ತದೆ.

ನನಗೆ ಏನನ್ನಿಸುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ನನಗೆ ಹುಡುಗನಾಗಬೇಕು ಎಂದೇನೂ ಇರಲಿಲ್ಲ. ಆದರೆ "ಹುಡುಗಿ" ಎಂದು ಯಾರಾದರೂ ಅಂದಾಗ ಅದು ಬೇರೆ ಯಾರದೋ ಅಳತೆಗೆ ಹೊಲಿಸಿದ ಪೋಲಕದಂತೆ ಕಂಕುಳಲ್ಲಿ ಬಿಗಿಯುತ್ತಿತ್ತು. ಮನೆಯ ಕನ್ನಡದಲ್ಲಿ ಬರತೇನಿ, ಹೋಗತೇನಿ ಎಂದರೆ ಸಾಕು, ಹೇಳುವವರು ಗಂಡೋ ಹೆಣ್ಣೋ ಎಂದು ಮಾತು ಕೇಳುವುದಿಲ್ಲ. ಬೀದಿಗಿಳಿದರೆ ಮರಾಠಿ, ಅಲ್ಲಿ ಪ್ರತಿ ಮಾತಿಗೂ ಅದನ್ನು ಹೇಳಿಯೇ ಮುಂದೆ ಹೋಗಬೇಕು. ನಾನು ಹೊರಗೆ ಕಡಿಮೆ ಮಾತಾಡತೊಡಗಿದೆ.

ಈ ಎಲ್ಲದರಿಂದ ತಪ್ಪಿಸಿಕೊಳ್ಳಲು ನನಗಿದ್ದ ಒಂದೇ ಜಾಗ ಶಾಲೆಯ ಹಿಂದಿನ ಮೈದಾನ. ಅಲ್ಲಿ ನನ್ನ ಮೈ ನನಗೆ ಸರಿಯಾಗಿ ಹೊಂದುತ್ತಿತ್ತು. ಅಗಲ ಭುಜ ಕಂಬ ಹಿಡಿದು ತಿರುಗಲು ಬೇಕು. ಉದ್ದ ಕೈ ನೆಲಕ್ಕೆ ಹಾರಿ ಮುಟ್ಟಲು ಬೇಕು. ಕನ್ನಡಿಯಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತಿತ್ತು. ಕಂಬದ ಪಕ್ಕದ ಚೌಕ ನನ್ನದು. ತಂಡದ ಹುಡುಗಿಯರು ನನ್ನನ್ನು "ವಿಣ್ಯಾ" ಎಂದು ಹುಡುಗರನ್ನು ಕರೆದಂತೆ ಕರೆಯುತ್ತಿದ್ದರು, ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಆ ಆಟವನ್ನು ಎಷ್ಟು ಪ್ರೀತಿಸುತ್ತಿದ್ದೆ ಎಂದರೆ, ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಮೇಲೆ ಎತ್ತಿ, ಎದ್ದು ಓಡುವವಳ ಹಾಗೆ ಕೂರುತ್ತಿದ್ದೆ. ಅಜ್ಜಿ ಸೌಟಿನಿಂದ ಮೊಣಕಾಲಿಗೆ ಬಡಿಯುತ್ತಿದ್ದಳು.

ಖೋಖೋ ನೋಡದವರಿಗೆ ಎರಡು ಮಾತು. ಅಟ್ಟುವ ತಂಡದವರು ಎರಡು ಕಂಬಗಳ ನಡುವೆ ಸಾಲಾಗಿ ಕೂರುತ್ತಾರೆ, ಒಬ್ಬರ ಮುಖ ಈ ಕಡೆಗಾದರೆ ಮುಂದಿನವರ ಮುಖ ಆ ಕಡೆಗೆ. ಒಬ್ಬಳು ಮಾತ್ರ ಎದ್ದು ಅಟ್ಟುತ್ತಾಳೆ, ಅವಳು ಸಾಲು ದಾಟುವಂತಿಲ್ಲ. ಓಡುವವಳು ಸಾಲಿನ ಆಚೆ ಸೇರಿಕೊಂಡರೆ, ಅಟ್ಟುವವಳು ಆಚೆಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಆಗ ಕೂತವಳು ಎದ್ದು ಆಚೆ ಅಟ್ಟುತ್ತಾಳೆ, ಖೋ ಅಂದವಳು ಅವಳ ಜಾಗದಲ್ಲಿ ಕೂರುತ್ತಾಳೆ, ಓಡುವವಳು ತಟ್ಟನೆ ಈಚೆ ದಾಟುತ್ತಾಳೆ. ಆಟವೆಲ್ಲ ಆ ಒಂದು ಅಕ್ಷರದ ಮೇಲೆ ನಡೆಯುತ್ತದೆ. ಬೆನ್ನು ಮುಟ್ಟಿ ಖೋ ಅನ್ನದಿದ್ದರೆ, ಅಥವಾ ಬಾಯೊಳಗೇ ಅಂದರೆ, ಫೌಲು. ಸೀಟಿ ಊದುತ್ತಾರೆ, ಅಟ್ಟುವವಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಅಷ್ಟರಲ್ಲಿ ಓಡುವವಳು ಉಸಿರು ತೆಗೆದುಕೊಂಡಿರುತ್ತಾಳೆ.

ಆಷಾಢದ ಏಕಾದಶಿ ಬಂತು. ಪಂಢರಪುರಕ್ಕೆ ಹೋಗುವ ಪಾಲಖಿ ಮೆರವಣಿಗೆ ಊರು ದಾಟಿ ಹೋಗಿ, ಮಳೆ ಹಿಡಿದುಕೊಂಡಿತ್ತು. ನಮ್ಮ ಮನೆಯಲ್ಲಿ ಅಂದಿನಿಂದ ಚಾತುರ್ಮಾಸ. ಕಾರ್ತಿಕದವರೆಗೆ ಒಂದೊಂದು ತಿಂಗಳು ಒಂದೊಂದನ್ನು ಬಿಡುವ ವ್ರತ. ಅಜ್ಜಿ ಮೊದಲ ತಿಂಗಳು ಕಾಯಿಪಲ್ಲೆ ಬಿಟ್ಟಳು. ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆ. ಅವ್ವ ತನ್ನ ಪಾಲಿಗೆ ಬದನೆಕಾಯಿ ಬಿಟ್ಟಳು. ಅಪ್ಪ ಪ್ರತಿವರ್ಷದಂತೆ ಬದನೆಕಾಯಿ ಬಿಡದೆ ಉಳಿದರು. ಆ ವರ್ಷ ಅಜ್ಜಿ ನನ್ನನ್ನು ದೇವರ ಮುಂದೆ ಕೂರಿಸಿದಳು.

"ನೋಡವಾ ವೀಣಾ, ನೀ ಈ ಸಲ ಮೌನ ಹಿಡೀಬೇಕು. ಸಾಲ್ಯಾಗ ಮಾಸ್ತರು ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಬ್ಯಾರೆ ಎಲ್ಲೆ ಬಾಯಿ ಬಿಡಬ್ಯಾಡ. ನಾಕು ತಿಂಗಳಾ ದನೀಗೆ ವಿಶ್ರಾಂತಿ ಕೊಟ್ಟರ ತಾನ ಸಣ್ಣಾಗತದ."

"ಆಟದಾಗ?" ಎಂದೆ.

"ಆಟದಾಗೂ ಅಷ್ಟ. ಮೌನ ಅಂದ್ರ ಮೌನ."

ಅಪ್ಪ ಅದಕ್ಕೊಂದು ಷರತ್ತು ಸೇರಿಸಿದರು. "ದನಿ ಸರಿಯಾತಂದ್ರ ಆಡು. ಕಾರ್ತಿಕದಾಗೂ ಹಿಂಗ ಇತ್ತಂದ್ರ ಖೋಖೋ ಬಂದ್. ಬಿಸಲಾಗ ಹುಡುಗರಂಗ ಓಡ್ಯಾಡಿ ಹಿಂಗ ಆಗೇದ ಅಂತ ಎಲ್ಲಾರೂ ಅನ್ನಲಿಕ್ಕೆ ಹತ್ಯಾರ."

ಅಜ್ಜಿ ತುಳಸಿಬಾಗಿಗೆ ಹೋಗಿ ಒಂದು ಹಿತ್ತಾಳೆಯ ಗಂಟೆಯನ್ನೂ ಕೊಂಡು ತಂದಳು. ಮೌನದ ವ್ರತ ಮುಗಿದಾಗ ಎಳ್ಳಿನ ಜೊತೆ ಗಂಟೆಯನ್ನು ದಾನ ಕೊಡಬೇಕಂತೆ. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ದೇವರ ಗೂಡಿನಲ್ಲಿ, ನಾಲಿಗೆಗೆ ಅರಿವೆ ಸುತ್ತಿ ಇಟ್ಟಳು. ನನ್ನ ಹಾಗೆಯೇ.

ನಾನು ಒಪ್ಪಿಕೊಂಡೆ. ಯಾರೂ ನನ್ನನ್ನು ಹೊಡೆದು ಬಡಿದು ಒಪ್ಪಿಸಲಿಲ್ಲ. ಬಾಯಿ ಬಿಡದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಎರಡು ದಿನದಲ್ಲೇ ಗೊತ್ತಾಯಿತು, ಅದು ಹಾಯೆನಿಸಿತು. ಹಾಲಿನ ಕೇಂದ್ರದಲ್ಲಿ ಬೆರಳು ತೋರಿಸಿದೆ. ಸಿಟಿ ಬಸ್ಸಿನಲ್ಲಿ ಪಾಸು ತೋರಿಸಿದೆ. ಗಣಪತಿ ಹಬ್ಬದಲ್ಲಿ ಎಲ್ಲರೂ ಆರತಿ ಹಾಡುವಾಗ ತುಟಿ ಆಡಿಸಿದೆ. ವಾಡೆಯವರು ವೀಣಾ ಎಷ್ಟು ಶಾಂತಳಾಗಿದ್ದಾಳೆ, ಈಗ ಹೆಣ್ಣುಮಗಳಂತೆ ಕಾಣುತ್ತಾಳೆ ಎಂದು ಅವ್ವನಿಗೆ ಹೇಳಿದರು. ಅವ್ವನ ಮುಖ ಅರಳಿತು. ನನಗೆ ಅವತ್ತು ಮೊದಲ ಸಲ ಸಿಟ್ಟು ಬಂತು. ಹೆಣ್ಣುಮಗಳಾಗಲು ನಾನು ಮಾಡಬೇಕಾದ್ದು ಇಲ್ಲದಂತೆ ಇರುವುದೇ ಆದರೆ, ಅಂಥ ಹೊಗಳಿಕೆ ನನಗೆ ಬೇಕಾಗಿರಲಿಲ್ಲ.

ಮೈದಾನದಲ್ಲಿ ಮಾತ್ರ ಮೌನ ನಡೆಯಲಿಲ್ಲ. ನಾನು ಬೆನ್ನು ಮುಟ್ಟುತ್ತಿದ್ದೆ, ತುಟಿಯೊಳಗೆ ಖೋ ಎನ್ನುತ್ತಿದ್ದೆ, ಕೂತವಳು ಏಳುತ್ತಿರಲಿಲ್ಲ. ನಮ್ಮ ತರಬೇತಿ ನೋಡುತ್ತಿದ್ದವರು ಶಿಂದೆ ಮೇಡಂ. ಐದಡಿಯ ಗಟ್ಟಿ ಹೆಂಗಸು, ಸೀರೆಯ ಮೇಲೇ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಅವರು ಮಾತಾಡಿದ್ದು ಮರಾಠಿಯಲ್ಲಿ, ಆದರೆ ನನ್ನ ತಲೆಯಲ್ಲಿ ಅದು ಯಾಕೋ ನಮ್ಮ ಮನೆಯ ಕನ್ನಡವಾಗಿ ಉಳಿದಿದೆ. "ಏ ಹುಡುಗಿ, ನಿನ್ನ ಅಜ್ಜಿಯ ದೇವರ ಬಗ್ಗೆ ನನಗೇನೂ ತಕರಾರಿಲ್ಲ. ಆದರ ಮೂಕ ಖೋ ನನಗ ಬ್ಯಾಡ. ಶಿರೂರಿನಾಗ ಹಿಂಗ ಮಾಡಿದರ ಕಂಬದಿಂದ ಎಬ್ಬಿಸಿ ಹೊರಗ ಕೂಡಸ್ತೀನಿ."

ಜಿಲ್ಲೆಯ ಶಾಲೆಗಳ ಪಂದ್ಯ ಆ ವರ್ಷ ಶಿರೂರಿನಲ್ಲಿತ್ತು. ಗಣಪತಿ ಮುಳುಗಿಸಿ ಕೆಲವು ದಿನಗಳಾಗಿದ್ದವು. ಅಲ್ಲಿ ಅಪ್ಪನ ಸೋದರತ್ತೆಯ ಮನೆಯಿತ್ತು, ಹಾಗಾಗಿ ಅಜ್ಜಿ ನಾನೂ ಬರತೇನಿ ಎಂದು ಹೊರಟಳು. ನನ್ನ ಮೌನ ಕಾಯುವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಹುಡುಗಿಯರೆಲ್ಲ ಗದ್ದಲ ಹಾಕುತ್ತಿದ್ದರು. ನಾನು ಅಜ್ಜಿಯ ಪಕ್ಕ ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ದಾರಿಯುದ್ದ ಸಜ್ಜೆಯ ಹೊಲಗಳು ತೊಯ್ದು ನಿಂತಿದ್ದವು. ಹಾಲು ಬಿಟ್ಟ ತಿಂಗಳಾದ್ದರಿಂದ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲಿ ಕರೀ ಚಹಾ ಕುಡಿದು ಮುಖ ಕಿವುಚಿದಳು, ನನಗೆ ಹಾಲು ಹಾಕಿದ್ದನ್ನು ಕೊಡಿಸಿದಳು. ಪ್ರೀತಿಯಿಲ್ಲದವಳು ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಅವಳ ಹೆದರಿಕೆ ಅವಳ ಪ್ರೀತಿಗಿಂತ ದೊಡ್ಡದಿತ್ತು, ಅಷ್ಟೇ.

ನಮ್ಮ ಮೊದಲ ಪಂದ್ಯ ಊರಿನ ಶಾಲೆಯ ಮೇಲೇ ಬಂತು. ಅವರ ಮೈದಾನ, ಅವರ ಜನ. ಸಂತೆಯ ದಿನವೋ ಏನೋ, ಗೆರೆಯ ಸುತ್ತ ಎರಡು ಸಾಲು ಜನ ನಿಂತಿದ್ದರು. ಅಜ್ಜಿ ಬೇವಿನ ಮರದ ಬುಡದಲ್ಲಿ ಚಾಪೆ ಹಾಸಿ ಕೂತಳು. ನಾವು ಮೊದಲು ಅಟ್ಟಿದೆವು. ಅವರ ಕಡೆ ಒಬ್ಬಳಿದ್ದಳು, ಸಪೂರ, ಎರಡು ಜಡೆ ರಿಬ್ಬನ್ನು ಕಟ್ಟಿ ಮೇಲಕ್ಕೆ ಮಡಚಿದ್ದಳು. ಹಿಂತಿರುಗಿ ನೋಡದೆ, ಬರೀ ಕಿವಿಯಿಂದ ಆಡುತ್ತಿದ್ದಳು. ಖೋ ಕೇಳಿದ ಕ್ಷಣಕ್ಕೆ ಸಾಲಿನ ಈಚೆ, ಮತ್ತೆ ಖೋ, ಮತ್ತೆ ಆಚೆ. ಅವಳನ್ನು ಅಟ್ಟುವ ಭರದಲ್ಲಿ ನಾನು ವ್ರತ ಮರೆತೆ. ನಮ್ಮ ನಾಯಕಿ ಮನೀಷಾಳ ಬೆನ್ನು ಮುಟ್ಟಿದಾಗ ಖೋ ಪೂರಾ ಗಂಟಲಿನಿಂದ ಬಂತು.

ಗೆರೆಯ ಸುತ್ತ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ನಗು. ಯಾರೋ ನನ್ನ ಹಾಗೇ ದಪ್ಪಗೆ ಖೋ ಎಂದು ಅಣಕಿಸಿದರು, ಮತ್ತೆ ನಗು.

ಆ ಸರದಿ ಮುಗಿಯುವುದನ್ನೇ ಕಾಯುತ್ತಿದ್ದ ಅವರ ಮಾಸ್ತರು ಅಂಪೈರ್ ಬಳಿ ಹೋದರು. "ಕಂಬದ ಹತ್ತಿರ ಕೂತದ್ದು ಹುಡುಗಿ ಅಲ್ಲ. ಮೀಸೆ ನೋಡಿ, ದನಿ ಕೇಳಿ. ಹೆಣ್ಣುಮಕ್ಕಳ ಪಂದ್ಯದಲ್ಲಿ ಹುಡುಗನನ್ನು ಆಡಿಸುತ್ತಿದ್ದಾರೆ," ಎಂದರು, ಎಲ್ಲರಿಗೂ ಕೇಳುವ ಹಾಗೆ. ಅಂಪೈರ್ ಬಿಳಿ ಟೊಪ್ಪಿಗೆಯ ವಯಸ್ಸಾದವರು, ತಂಟೆ ಬೇಡದವರು. "ಅದರಲ್ಲೇನು, ಯಾರಾದರೂ ಹೆಂಗಸರು ಒಳಗೆ ಕೋಣೆಗೆ ಕರೆದುಕೊಂಡು ಹೋಗಿ ನೋಡಲಿ. ಎರಡು ನಿಮಿಷದ ಕೆಲಸ," ಎಂದರು.

ನಾನು ಅಲ್ಲೇ, ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೈಗೆ ಮಣ್ಣು ತಿಕ್ಕಿಕೊಳ್ಳುತ್ತ ನಿಂತಿದ್ದೆ. ಎರಡು ನಿಮಿಷದ ಕೆಲಸ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಶಿಂದೆ ಮೇಡಂ ನನ್ನ ಮುಂದೆ ಬಂದು ನಿಂತರು. "ಆಟಗಾರರನ್ನು ಬೆಳಿಗ್ಗೆ ನಿಮ್ಮ ಮುಂದೇ ನಿಲ್ಲಿಸಿದ್ದೆ. ತಕರಾರಿದ್ದರೆ ಟಾಸಿಗೆ ಮೊದಲು ಹೇಳಬೇಕಿತ್ತು. ನನ್ನ ಹುಡುಗಿ ಯಾವ ಕೋಣೆಗೂ ಬರೋದಿಲ್ಲ. ಬರಲೇಬೇಕು ಅಂದರೆ ಮೊದಲು ನನ್ನನ್ನು ನೋಡಿ, ನನಗೂ ಮೀಸೆ ಅದ," ಎಂದರು. ಜನ ನಕ್ಕರು, ಆದರೆ ಮಾಸ್ತರು ಬಿಡಲಿಲ್ಲ.

ಅಷ್ಟರಲ್ಲಿ ನನ್ನ ರಟ್ಟೆಯನ್ನು ಯಾರೋ ಹಿಡಿದರು. ಅಜ್ಜಿ. ಮರದ ಬುಡದಿಂದ ಯಾವಾಗ ಎದ್ದು ಬಂದಿದ್ದಳೋ, ಮುಖ ಬಿಳಿಚಿತ್ತು. "ನಡೀವಾ, ಮನೀಗೆ ಹೋಗೂಣ. ಬ್ಯಾಡ ನಮಗ ಈ ಆಟ. ಇದಕ್ಕ ನಾ ಬಾಯಿ ಮುಚ್ಚು ಅಂದಿದ್ದೆ. ಇದಕ್ಕಽ ಅಂದಿದ್ದೆ," ಎಂದಳು. ಅವಳ ಸಣ್ಣ ದನಿ ನನ್ನೊಬ್ಬಳಿಗೇ ಕೇಳಿತು.

ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಅಜ್ಜಿಗೆ ಈ ದಿನ ಬರುತ್ತದೆಂದು ಮೊದಲೇ ಗೊತ್ತಿತ್ತು. ಬಾಯಿ ಮುಚ್ಚಿದರೆ ನಾನು ಬಚಾವಾಗುತ್ತೇನೆ ಎಂದು ಅವಳು ನಂಬಿದ್ದಳು. ಆದರೆ ನಾನು ಎರಡು ತಿಂಗಳು ಬಾಯಿ ಮುಚ್ಚಿಯೇ ಇದ್ದೆ. ಒಂದು ಖೋ ತಪ್ಪಿ ಹೊರಬಿದ್ದದ್ದಕ್ಕೆ ನನ್ನನ್ನು ಕೋಣೆಗೆ ಕರೆಯುತ್ತಿದ್ದರು. ಇನ್ನು ಎಷ್ಟು ಮುಚ್ಚಿದರೆ ಸಾಕು? ಈಗ ಮನೆಗೆ ಹೋದರೆ ಖೋಖೋ ಅಷ್ಟಕ್ಕೇ ಮುಗಿಯಿತು. ಆ ಮೇಲೆ ಮದುವೆಮನೆ ಬಿಡಬೇಕು, ಆರತಿ ಬಿಡಬೇಕು, ಬೀದಿ ಬಿಡಬೇಕು. ಆ ಚಾತುರ್ಮಾಸಕ್ಕೆ ಕಾರ್ತಿಕವೇ ಬರುವುದಿಲ್ಲ.

"ನಾ ಬರಂಗಿಲ್ಲ ಅಜ್ಜಿ," ಎಂದೆ.

ಆಷಾಢದಿಂದ ನಾನು ಅವಳೊಡನೆ ಆಡಿದ ಮೊದಲ ಮಾತು ಅದು. ಅಜ್ಜಿ ಕೈ ಬಿಟ್ಟಳು. ನಾನು ಬೇಕೆಂತಲೇ ದನಿ ತಗ್ಗಿಸದೆ ಅಂಪೈರ್ ಕಡೆ ತಿರುಗಿದೆ. ಮರಾಠಿಯಲ್ಲಿ ಹೇಳಿದೆ: "ನನ್ನ ದನಿ ಹೀಗೇ ಇದೆ. ನನ್ನ ಮುಖ ಹೀಗೇ ಇದೆ. ನಾನು ಯಾವ ಕೋಣೆಗೂ ಬರುವುದಿಲ್ಲ. ಆಡುವುದಕ್ಕೆ ಬಂದಿದ್ದೇನೆ, ಆಡುತ್ತೇನೆ." ಮನೀಷಾ ಬಂದು ನನ್ನ ಪಕ್ಕ ನಿಂತಳು. ಆಮೇಲೆ ಉಳಿದವರೂ ಬಂದರು. ವಿಣ್ಯಾ ಆಡದಿದ್ದರೆ ನಾವ್ಯಾರೂ ಆಡುವುದಿಲ್ಲ ಎಂದು ಅವಳು ಹೇಳಿದಳು. ಅಂಪೈರ್ ಟೊಪ್ಪಿಗೆ ತೆಗೆದು ತಲೆ ಕೆರೆದರು. ಟಾಸಿನ ಮಾತು ಶಿಂದೆ ಮೇಡಂ ಹೇಳಿದ್ದು ಸರಿಯೇ ಇತ್ತು. ಮಳೆ ಮೋಡ ಬೇರೆ ಏರುತ್ತಿತ್ತು. "ಆಡಿ, ಆಡಿ," ಎಂದು ಸೀಟಿ ಊದಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಬಹುದಿತ್ತು, ಆದರೆ ಹಾಗಾಗಲಿಲ್ಲ. ನಮ್ಮ ಕೊನೆಯ ಸರದಿ ಬಂದಾಗ ನಾವು ಒಂದೆರಡು ಅಂಕ ಹಿಂದಿದ್ದೆವು. ಜನ ಈಗ ತಯಾರಾಗಿ ನಿಂತಿದ್ದರು. ನಾನು ಖೋ ಅಂದರೆ ಸಾಕು, ಗೆರೆಯ ಸುತ್ತ ನಿಂತವರೆಲ್ಲ ಒಂದೇ ಸಮನೆ ದಪ್ಪ ದನಿಯಲ್ಲಿ ಖೋ ಎಂದು ಕೂಗುತ್ತಿದ್ದರು. ಮೊದಲ ಸಲ ನಾನು ಖೋ ಕೊಟ್ಟು ಕೂರುವುದನ್ನೇ ಮರೆತು ಜನರ ಕಡೆ ನೋಡಿದೆ. ಅಂಪೈರ್ ಮುಂದೆ ಅಷ್ಟು ಧೈರ್ಯದಿಂದ ಮಾತಾಡಿದವಳು ನಾನೇ ಹೌದೋ ಅಲ್ಲವೋ ಅನ್ನಿಸಿತು. ಎರಡನೇ ಸಲ ಬೆನ್ನು ಮುಟ್ಟಿ, ದನಿಯನ್ನು ನುಂಗಿದೆ. ಸೀಟಿ. ಫೌಲು. ಜಡೆಯವಳು ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಂಡಳು. ಮತ್ತೊಂದು ಸಲ ನುಂಗಿದೆ, ಮತ್ತೆ ಸೀಟಿ. ಶಿಂದೆ ಮೇಡಂ ಗೆರೆಯ ಹೊರಗೆ ಇನ್ನೊಬ್ಬಳನ್ನು ಎಬ್ಬಿಸಿ ನಿಲ್ಲಿಸಿದ್ದು ಕಂಡಿತು. ನನ್ನ ಜಾಗಕ್ಕೆ.

ಬೇವಿನ ಮರದ ಕಡೆ ನೋಡಿದೆ. ಅಜ್ಜಿ ಕೂತಿರಲಿಲ್ಲ. ಜನರ ಸಾಲಿನ ಹಿಂದೆ, ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಳು. ಅವಳ ಮುಂದೆ ನಿಂತು ಅಣಕಿಸುತ್ತಿದ್ದ ಎತ್ತರದ ಮನುಷ್ಯನಿಗೆ ಏನೋ ಹೇಳುತ್ತಿದ್ದಳು, ಬಹುಶಃ ಸುಮ್ಮನಿರು ಎಂದು. ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ನನ್ನ ತಲೆ ಕೆಟ್ಟಿತು.

ಮುಂದಿನ ಖೋ ನಾನು ಕೊಟ್ಟದ್ದಲ್ಲ, ಎಸೆದದ್ದು. ಮನೀಷಾ ಆಚೆ ಕಡೆಗೆ ಎದ್ದಳು. ಜಡೆಯವಳು ಎಂದಿನಂತೆ ತಟ್ಟನೆ ಸಾಲು ದಾಟಿ ಈಚೆ ಬಂದಳು. ಆಗಲೇ ಜನರ ಖೋ ಬಂತು, ನನ್ನ ಖೋದ ಬಾಲ ಹಿಡಿದು, ಅದೇ ದಪ್ಪ ದನಿಯಲ್ಲಿ. ಕಿವಿಯಿಂದ ಆಡುವ ಹುಡುಗಿ, ಇನ್ನೊಂದು ಖೋ ಬಿತ್ತು ಎಂದುಕೊಂಡು ತಿರುಗಿ ಮತ್ತೆ ಆಚೆಗೇ ದಾಟಿದಳು. ನೇರ ಮನೀಷಾಳ ಕೈಗೆ.

ಔಟ್. ಏನಾಯಿತೆಂದು ಅವಳಿಗೂ ಅರ್ಥವಾಗಲಿಲ್ಲ, ಜನಕ್ಕೂ ಆಗಲಿಲ್ಲ. ನನಗೆ ಆಯಿತು. ಮನೀಷಾ ಬಿಟ್ಟೆದ್ದ ಚೌಕದಲ್ಲಿ ಕೂತು ನಾನು ನಕ್ಕದ್ದು ಇವತ್ತಿಗೂ ನೆನಪಿದೆ. ಅಣಕಿಸಿ, ಎಷ್ಟು ಬೇಕೋ ಅಷ್ಟು ಅಣಕಿಸಿ. ಆಮೇಲೆ ನಾನು ಅವಕಾಶ ಸಿಕ್ಕಲ್ಲೆಲ್ಲ ಖೋ ಕೊಟ್ಟೆ. ಎಷ್ಟು ದಪ್ಪಗೆ ಆಗುತ್ತದೋ ಅಷ್ಟು ದಪ್ಪಗೆ, ಹೊಟ್ಟೆಯಿಂದ ಎತ್ತಿ. ನಾನು ಜೋರು ಮಾಡಿದಷ್ಟೂ ಜನ ಜೋರು ಮಾಡಿದರು. ಅವರ ಓಟಗಾರ್ತಿಯರು ಯಾವ ಖೋ ನಿಜದ್ದು, ಯಾವುದು ತಮ್ಮೂರಿನದು ಎಂದು ತಿಳಿಯದೆ ಸಾಲಿನ ಎರಡೂ ಕಡೆ ಒದ್ದಾಡಿದರು. ಇನ್ನೊಬ್ಬಳು ಔಟ್. ಮತ್ತೊಬ್ಬಳು. ಕೊನೆಗೆ ಅವರ ಮಾಸ್ತರಿಗೆ ಹೊಳೆಯಿತು. ಗೆರೆಯ ಉದ್ದಕ್ಕೂ ಓಡುತ್ತ, ಎರಡೂ ಕೈ ಮೇಲೆತ್ತಿ ತಮ್ಮದೇ ಜನಕ್ಕೆ "ಗಪ್ಪ ಬಸಾ! ಏ, ಗಪ್ಪ ಬಸಾ!" ಎಂದು ಕಿರುಚತೊಡಗಿದರು. ಜನ ಸುಮ್ಮನಾಗುವ ಹೊತ್ತಿಗೆ ಸಮಯ ಮುಗಿದಿತ್ತು. ಒಂದು ಅಂಕದಿಂದ ನಾವು ಗೆದ್ದೆವು.

ಮಾರನೆಯ ಪಂದ್ಯದಲ್ಲಿ ಚೆನ್ನಾಗಿ ಸೋತೆವು, ಅದರ ಕಥೆ ಬೇಡ.

ಅವತ್ತು ಮೈದಾನದಿಂದ ಸೋದರತ್ತೆಯ ಮನೆಗೆ ನಡೆದು ಹೋಗುವಾಗ ಮಳೆ ಹನಿಯತೊಡಗಿತು. ಅಜ್ಜಿ ನನ್ನ ಮೊಣಕೈಗೆ ಅಂಟಿದ್ದ ಫಕ್ಕಿಯನ್ನು ಸೆರಗಿನಿಂದ ಒರೆಸಿ, "ಹಸಿವ್ಯಾಗೇದೇನು?" ಎಂದಳು.

"ಭಾಳ," ಎಂದೆ, ರಸ್ತೆಯ ಆಚೆಗೂ ಕೇಳುವಂತೆ. ಅವಳು ಬಾಯಿ ಮುಚ್ಚು ಅನ್ನಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಕಾರ್ತಿಕಕ್ಕೆ ಕಾಯುವುದು ಬೇಡ, ದಸರೆಗೇ ಆಟ ನಿಲ್ಲಿಸೋಣ ಎಂದು ಮಾತು ತೆಗೆದರು. "ನಿಲ್ಲಸಂಗಿಲ್ಲ," ಎಂದೆ. ಕೆಳಗಿನ ಮನೆಯವರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದು ಕೇಳಿಸಿತು. ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ಅಕ್ಕಿ ಆರಿಸುತ್ತ, "ಆಡಲಿ ಬಿಡು," ಎಂದಳು. ಆ ಒಂದು ಸಲ ಅವಳ ಮಾತು ಅಪ್ಪನಿಗೆ ಸರಿಯಾಗಿ ಕೇಳಿತು.

ಕಾರ್ತಿಕದ ದ್ವಾದಶಿಗೆ ವ್ರತ ಮುಗಿಸಲು ಭಟ್ಟರು ಬಂದರು. ಕಾಯಿಪಲ್ಲೆ, ಮೊಸರು, ಹಾಲು, ಬೇಳೆ, ಅಜ್ಜಿ ಬಿಟ್ಟದ್ದನ್ನೆಲ್ಲ ಅವರಿಗೆ ದಾನ ಕೊಟ್ಟಳು. ಭಟ್ಟರ ಕಣ್ಣು ದೇವರ ಗೂಡಿನ ಕಡೆ ಹೋಯಿತು. "ಗಂಟಿ ಇಟ್ಟೀರಿ. ಮೌನ ಯಾರು ಹಿಡಿದಿದ್ರು?"

"ನಾನು," ಎಂದೆ. "ನಡುವ ಮುರದೆ."

ಭಟ್ಟರು ನನ್ನ ದನಿಗೆ ಬೆಚ್ಚಿ ಮೇಲೆ ನೋಡಿದರು. "ಹಂಗ ಅರ್ಧಕ್ಕ ಬಿಡಬಾರದು. ಅಡ್ಡಿಯಿಲ್ಲ, ಒಂದು ಪ್ರಾಯಶ್ಚಿತ್ತ ಮಾಡಸೋಣ. ಗಂಟಿ ಕೊಡ್ರಿ."

"ಪ್ರಾಯಶ್ಚಿತ್ತ ಏನೂ ಬ್ಯಾಡ್ರಿ," ಎಂದಳು ಅಜ್ಜಿ. "ಎಳ್ಳು ತಗೋರಿ. ಗಂಟಿ ನಮಗ ಬೇಕು."

ಭಟ್ಟರು ಹೋದ ಮೇಲೆ ಅವಳು ಗಂಟೆಯ ನಾಲಿಗೆಗೆ ಸುತ್ತಿದ್ದ ಅರಿವೆ ಬಿಚ್ಚಿದಳು. ಕಿಟಕಿಯ ಸರಳಿಗೆ, ತಾನು ಕೂತಲ್ಲಿಂದ ಕೈಗೆ ಎಟುಕುವಂತೆ ಕಟ್ಟಿಸಿದಳು. ಯಾಕೆ ಎಂದು ಕೇಳಿದೆ.

"ನಿನ್ನಂಥಾ ದನಿ ನನಗ ಕೊಡಲಿಲ್ಲಲ್ಲವಾ ದೇವರು. ನನ್ನ ಮಾತು ಈ ಮನ್ಯಾಗ ಯಾರಿಗೂ ಮುಟ್ಟಂಗಿಲ್ಲ. ಕರೀಲಿಕ್ಕೆ ಇರಲಿ," ಎಂದಳು. ಆಮೇಲೆ, ಮಗುವಿನಂತೆ, ಎರಡು ಸಲ ಬಾರಿಸಿ ನೋಡಿದಳು. ನಡುಮನೆಯಿಂದ ಅಪ್ಪ "ಏನವಾ?" ಎಂದು ಎದ್ದು ಬಂದರು. ಅಜ್ಜಿ ನನ್ನ ಕಡೆ ನೋಡಿ ನಕ್ಕಳು.

ಅವಳು ಹೋಗಿ ವರ್ಷಗಳಾದವು. ವಾಡೆಯನ್ನೂ ಕೆಡವಿ ಫ್ಲ್ಯಾಟು ಕಟ್ಟಿದರು. ಗಂಟೆ ನನ್ನ ಬಳಿ ಇದೆ. ನನ್ನ ದನಿಯೂ ಇದೆ, ಹಾಗೇ. ಫೋನಿನಲ್ಲಿ ಬ್ಯಾಂಕಿನವರು ನನ್ನನ್ನು ಸರ್ ಅನ್ನುತ್ತಾರೆ, ಎದುರಿಗೆ ಕಂಡವರು ಮೇಡಂ ಅನ್ನುತ್ತಾರೆ. ಇಬ್ಬರನ್ನೂ ನಾನು ತಿದ್ದುವುದಿಲ್ಲ. ನನ್ನನ್ನು ಏನೆಂದು ಕರೆಯಬೇಕೆಂಬುದು ಅವರ ತಲೆನೋವು. ಮೇಲ್ದುಟಿಗೆ ಅರಿಸಿನ ಹಚ್ಚುವುದನ್ನು ಬಿಟ್ಟು ಬಹಳ ಕಾಲವಾಯಿತು.

"ಆಡ್ತೀರಾ, ವೀಣಾ?" ರಶ್ಮಿ ಮತ್ತೆ ಕೇಳಿದಳು.

ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಹೋಗಿ ಕಂಬದ ಪಕ್ಕದ ಚೌಕದಲ್ಲಿ ಕೂತೆ. ಒದ್ದೆ ಮಣ್ಣು ಅಂಗೈಗೆ ತಣ್ಣಗೆ ಹತ್ತಿತು. ಮೊದಲ ಖೋ ಕೊಟ್ಟಾಗ ಆಚೆಯ ಕಟ್ಟಡದ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸುತ್ತಿದ್ದವರೂ ತಿರುಗಿ ನೋಡಿದರು. ನಾನು ಬೆನ್ನು ಮುಟ್ಟಿದ ರಶ್ಮಿಯಂತೂ ಏಳದೆ, ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏಳವಾ," ಎಂದೆ, "ಖೋ ಅಂದದ್ದು ಕೇಳಲಿಲ್ಲೇನು?"